ಸದ್ದಿಲ್ಲದ ಮನೆ ಬೇಕಾಗಿದೆ

ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಯಾವ ಊರಿನ ಯಾವ ಬಡಾವಣೆಯಲ್ಲಿ ಇಳಿದುಕೊಳ್ಳಬೇಕು ಎಂದು ಹೇಳಿಕೊಡುವ ಪುಣ್ಯಾತ್ಮರು ಇಂಟರ್ನೆಟ್ಟಿನ ತುಂಬ ಇದ್ದಾರೆ. ಕಾಫಿ ಚೆನ್ನಾಗಿರಬೇಕೆ, ಈ ಬಡಾವಣೆಗೆ ಹೋಗಿ. ಸಂಜೆ ತಿರುಗಾಡಬೇಕೆ, ಆ ಬಡಾವಣೆಗೆ ಹೋಗಿ. ನಿಮ್ಮಂಥವರೇ ನಾಲ್ಕು ಜನ ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿರುವುದನ್ನು ಕಣ್ತುಂಬಿಕೊಳ್ಳಬೇಕೆ, ಇಗೋ ಇಲ್ಲಿ. ನಾನೂ ಒಂದು ವಾರ ಇವನ್ನೆಲ್ಲ ಭಕ್ತಿಯಿಂದ ಓದಿದೆ. ಪೋರ್ಚುಗಲ್ಲಿನ ಯಾವುದೋ ಬೀದಿಯಲ್ಲಿ ಬೆಳಗಿನ ಬಿಸಿಲು ಎಷ್ಟು ಹಿತ ಎಂಬುದು ನನಗೆ ಈಗಲೂ ಬಾಯಿಪಾಠ. ತಿಪಟೂರಿನಲ್ಲಿ ಎಲ್ಲಿ ಮನೆ ಹಿಡಿಯಬೇಕು ಎಂದು ಮಾತ್ರ ಒಬ್ಬನೂ ಬರೆದಿರಲಿಲ್ಲ. ಆ ಕೊರತೆಯನ್ನು ನೀಗಿಸುವ ಭಾರ ನನ್ನ ತಲೆಯ ಮೇಲೆ ಬಿತ್ತು.

ತಿಪಟೂರೇ ಏಕೆ ಎಂದು ಕೇಳಿದರೆ, ತಿಂಗಳಿಗೊಮ್ಮೆ ಬೆಂಗಳೂರಿನ ಆಫೀಸಿಗೆ ಮುಖ ತೋರಿಸಿ ಬರಬೇಕಿತ್ತು, ತಿಪಟೂರಿನಲ್ಲಿ ರೈಲು ನಿಲ್ಲುತ್ತದೆ. ತುರುವೇಕೆರೆಯನ್ನೂ ಚಿಕ್ಕನಾಯಕನಹಳ್ಳಿಯನ್ನೂ ನೋಡಿಕೊಂಡು ಬಂದೆ. ಎರಡು ಕಡೆಯೂ ತೆಂಗಿನ ಮರ ಬೇಕಾದಷ್ಟಿದ್ದವು, ಊರೊಳಗೆ ರೈಲು ಇರಲಿಲ್ಲ. ಇನ್ನೊಂದು ಕಾರಣ, ಈ ಸೀಮೆಯಲ್ಲಿ ನನಗೆ ಒಬ್ಬರೂ ನೆಂಟರಿಲ್ಲ. ನಲವತ್ತರ ಮೇಲೆ ಗಂಡನ ಮನೆಯಿಂದ ಸೂಟ್‌ಕೇಸ್ ಹಿಡಿದು ಹೊರಬಿದ್ದ ಹೆಂಗಸಿಗೆ ಇದಕ್ಕಿಂತ ದೊಡ್ಡ ಸೌಕರ್ಯವನ್ನು ಯಾವ ಬಡಾವಣೆಯೂ ಕೊಡಲಾರದು.

ಹಾಗೆ ಹೊರಬಿದ್ದವಳು ಎರಡು ವರ್ಷ ಬೆಂಗಳೂರಿನಲ್ಲಿ ಅಣ್ಣನ ಮನೆಯ ಹಾಲ್‌ನಲ್ಲಿದ್ದೆ. ಹಾಲ್‌ನಲ್ಲಿ ಒಂದು ದಿವಾನ್, ದಿವಾನಿನ ಕೆಳಗೆ ನನ್ನ ಸೂಟ್‌ಕೇಸ್, ಎದುರಿಗೆ ಟಿವಿ. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಕಷ್ಟವಿದ್ದದ್ದೇ ಅದರಲ್ಲಿ, ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ನೆಮ್ಮದಿಯಾಗಿರಬಹುದಿತ್ತು. ಮನೆಗೆ ಬಂದವರಿಗೆಲ್ಲ ಅತ್ತಿಗೆ, "ಸದ್ಯಕ್ಕೆ ನಮ್ಮ ಜೊತೆ ಇದ್ದಾಳೆ" ಎನ್ನುತ್ತಿದ್ದರು. ಆ ಸದ್ಯ ಎರಡು ವರ್ಷ ಎಳೆಯಿತು. ನನಗೆ ಒಂದು ಬಾಗಿಲು ಬೇಕಿತ್ತು, ಒಳಗಿನಿಂದ ನಾನೇ ಚಿಲಕ ಹಾಕಿಕೊಳ್ಳುವಂಥ ನನ್ನ ಬಾಗಿಲು. ಅದು ಸಿಕ್ಕಿದರೆ ಬೇರೇನೂ ಕೇಳುವುದಿಲ್ಲ ಎನ್ನುವಷ್ಟು ಬೇಕಿತ್ತು.

ಬಾಗಿಲಿಗೆ ಬಾಡಿಗೆ ಕಟ್ಟಲು ನನಗಿದ್ದದ್ದು ಒಂದೇ ಕೆಲಸ. ದೂರದ ಊರುಗಳ ಡಾಕ್ಟರುಗಳು ಫೋನಿನಲ್ಲಿ ನಮ್ಮ ಹಳ್ಳಿಯವರನ್ನು ವಿಚಾರಿಸುತ್ತಾರೆ. ರೋಗಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಡಾಕ್ಟರಿಗೆ ಕನ್ನಡ ಒಂದು ಬಿಟ್ಟು ಎಲ್ಲವೂ ಬರುತ್ತದೆ. ನಡುವೆ ನಾನು. ಇವರು ಹೇಳಿದ್ದನ್ನು ಅವರಿಗೆ, ಅವರು ಕೇಳಿದ್ದನ್ನು ಇವರಿಗೆ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ. ಕಂಪನಿಯ ಕಟ್ಟುನಿಟ್ಟು ಒಂದೇ: ಕರೆಯಲ್ಲಿ ನನ್ನ ಸ್ವರ ಬಿಟ್ಟು ಇನ್ನೊಂದು ಸದ್ದು ಕೇಳಿಸಬಾರದು, ಇನ್ನೊಬ್ಬರ ಕಿವಿಗೆ ಆ ಮಾತು ಬೀಳಬಾರದು. ಮೂರು ಸಲ ತಪ್ಪಿದರೆ ಕೆಲಸ ಇಲ್ಲ. ಅಣ್ಣನ ಹಾಲ್‌ನಲ್ಲೇ ನನ್ನ ಎರಡು ಸಲ ಮುಗಿದುಹೋಗಿತ್ತು. ಒಂದು ಕುಕ್ಕರಿನ ಕೂಗು. ಇನ್ನೊಂದು, ಧಾರಾವಾಹಿಯ ಸೊಸೆ ಅತ್ತೆಗೆ ವಿಷ ಹಾಕಿದ ಕ್ಷಣದ ಸಂಗೀತ. ಆ ಸಂಗೀತ ಕೇಳಿ ಮಧುಮೇಹದ ರೋಗಿಯೊಬ್ಬರು, "ಏನಾಯ್ತಮ್ಮ, ಯಾರಾದ್ರೂ ಹೋದ್ರಾ?" ಎಂದು ಕೇಳಿದ್ದರು.

ಹೀಗೆ ಒಂದೇ ಒಂದು ಸದ್ದಿನ ಆಯುಷ್ಯ ಉಳಿಸಿಕೊಂಡು ತಿಪಟೂರಿನಲ್ಲಿ ಇಳಿದೆ. ಕೈಯಲ್ಲಿ ಒಂದು ಪಟ್ಟಿ ಇತ್ತು. ಇಂಟರ್ನೆಟ್ ವೇಗ, ಕರೆಂಟ್ ಹೋಗುವ ಹೊತ್ತು, ನೀರು, ಸದ್ದು. ನಾಲ್ಕಕ್ಕೂ ಹತ್ತರಲ್ಲಿ ಅಂಕ ಕೊಡುವ ಯೋಜನೆ. ಎಂಥ ಶಿಸ್ತು ಅಂತೀರಿ!

ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಟೈಲರ್ ಸಾಹೇಬರಿದ್ದರು. ಊರಿನಲ್ಲಿ ಯಾವ ಮನೆ ಖಾಲಿಯಾಗಿದೆ, ಯಾವುದು ಆಗಲಿದೆ, ಯಾವುದನ್ನು ಜಗಳವಾಡಿ ಖಾಲಿ ಮಾಡಿಸುತ್ತಿದ್ದಾರೆ ಎಂಬುದೆಲ್ಲ ಅವರ ಹೊಲಿಗೆ ಯಂತ್ರದ ಮುಂದೆ ಬಂದು ಬೀಳುತ್ತದೆ ಎಂದು ಲಾಡ್ಜಿನವರು ಹೇಳಿದ್ದರು. ಹೋಗಿ ಕೇಳಿದೆ. ಅವರು ತುಟಿಯ ನಡುವಿನ ದಾರ ತೆಗೆದು, "ಏನ್ ಕೆಲಸ ಮೇಡಂ ತಮ್ದು?" ಎಂದರು.

"ಮನೇಲೇ ಕೆಲಸ ಮಾಡೋದು" ಎಂದೆ.

ಅವರು ಒಂದು ಸಲ ನನ್ನ ಚಪ್ಪಲಿ ನೋಡಿದರು, ಒಂದು ಸಲ ಕನ್ನಡಕ ನೋಡಿದರು. "ಒಳ್ಳೇದೇ ಬುಡಿ. ಯಾವ್ ಕೆಲಸ ಆದ್ರೇನು, ನಿಯತ್ತಿರ್ಬೇಕು" ಎಂದು ಸಮಾಧಾನ ಹೇಳಿದರು. ನನ್ನ ಕೆಲಸಕ್ಕೆ ಸಮಾಧಾನ ಏಕೆ ಬೇಕೆಂದು ನನಗೆ ಹೊಳೆಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಸ್ಟೇಷನ್ನಿನ ಹಿಂದಿನ ಒಂದು ದೊಡ್ಡ ಮನೆಯ ವಿಳಾಸ ಕೊಟ್ಟು ಕಳಿಸಿದರು.

ಆ ಮನೆಯ ಯಜಮಾನತಿ ನನ್ನನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆದುಕೊಂಡರು. ಹೊರಗಿನವರಿಗೆ ಬಾಡಿಗೆ ಭಾಗ ಹಿಂದೆಯೇ ಇರಬಹುದು ಎಂದುಕೊಂಡೆ. ತೊಟ್ಟಿ ತೋರಿಸಿದರು, ನೀರಿಗೆ ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಅಷ್ಟರಲ್ಲಿ ಅವರು, "ಪಾತ್ರೆ ಎಲ್ಡ್ ಹೊತ್ತು, ನೆಲ ಒಂದ್ ಹೊತ್ತು. ಬಟ್ಟೆಗೆ ಮಿಷನ್ ಐತೆ. ಹಬ್ಬಕ್ಕೆ ರಜಾ ಕೇಳ್ಬಾರ್ದು ಕಣಮ್ಮ" ಎಂದರು. ನಾನು ಮನೆ ಹುಡುಕುತ್ತ ಬಂದಿದ್ದೆ, ಅವರು ಮನೆಕೆಲಸದವಳಿಗೆ ಕಾಯುತ್ತಿದ್ದರು. ಕಂಪ್ಯೂಟರ್, ಫೋನು, ಡಾಕ್ಟರು ಎಂದು ವಿವರಿಸಿದೆ. ಎಲ್ಲ ಕೇಳಿಕೊಂಡು, "ಹಂಗಾರೆ ಪಾತ್ರೆ ತೊಳ್ಯಲ್ವಾ?" ಎಂದು ನಿಜವಾದ ಬೇಸರದಿಂದ ಕೇಳಿದರು. ಪಾಪ ಅನ್ನಿಸಿತು. ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳಲು ಯಾರಾದರೂ ಇಷ್ಟು ಆಸೆಪಟ್ಟು ಬಹಳ ಕಾಲವಾಗಿತ್ತು.

ಟೈಲರ್ ಸಾಹೇಬರಿಗೆ ಹೋಗಿ ಹೇಳಿದೆ. ಅವರು ಹಣೆ ಚಚ್ಚಿಕೊಂಡು, "ಮಾಫ್ ಮಾಡಿ ಮೇಡಂ, ತಾವು ಮನೇಲಿ ಕೆಲಸ ಅಂದ್ರಿ, ನಾನು ಮನೆ ಕೆಲಸ ಅಂದ್ಕೊಂಡೆ" ಎಂದರು. ಒಂದು ಅಕ್ಷರ ಅತ್ತ ಇತ್ತ ಆದದ್ದಕ್ಕೆ ನನ್ನ ಕೈಗೆ ಪೊರಕೆ ಬರುವುದರಲ್ಲಿತ್ತು. ಮಾತು ಅತ್ತ ಇತ್ತ ದಾಟಿಸುವುದನ್ನೇ ಉದ್ಯೋಗ ಮಾಡಿಕೊಂಡವಳಿಗೆ ಒಳ್ಳೆಯ ಮರ್ಯಾದೆ.

ಆಮೇಲೆ ಅವರು ತೋರಿಸಿದ ಮನೆಗಳಿಗೆಲ್ಲ "ಬಿಲ್ಕುಲ್ ಸದ್ದಿಲ್ಲ ಮೇಡಂ" ಎಂಬ ಸರ್ಟಿಫಿಕೇಟ್ ಇರುತ್ತಿತ್ತು. ಬಿ.ಎಚ್. ರೋಡಿನ ಹಿಂದಿನ ಮನೆಗೆ ಹೋದರೆ ಗೋಡೆಗೆ ಗೋಡೆ ಅಂಟಿಕೊಂಡು ಹಿಟ್ಟಿನ ಗಿರಣಿ. ಮಾತು ಕೇಳಿಸದೆ ನಾನೂ ಟೈಲರ್ ಸಾಹೇಬರೂ ಕಿರುಚಿಕೊಳ್ಳುತ್ತಿದ್ದೆವು. "ಇದೇನ್ರೀ ಸದ್ದು?" ಎಂದು ಕಿರುಚಿದೆ. "ಸದ್ದೆಲ್ಲೈತೆ? ಗಿರಣಿ ಅಲ್ವಾ ಅದು!" ಎಂದು ಕಿರುಚಿದರು. ಅವರ ಲೆಕ್ಕದಲ್ಲಿ ಜಗಳ ಒಂದೇ ಸದ್ದು. ಗಿರಣಿ, ಲಾರಿ, ಮೈಕು, ನಾರು ತೆಗೆಯುವ ಮಿಷನ್ನು ಇವೆಲ್ಲ ಗಾಳಿ ಬೆಳಕಿನ ಹಾಗೆ ಇರುವಂಥವು.

ಹೊಸ ಬಡಾವಣೆಯೊಂದರಲ್ಲಿ ನಿಜವಾಗಿಯೂ ಸದ್ದಿರಲಿಲ್ಲ. ಮಾಲೀಕರು ಮಾತ್ರ ಕೆಂಪು ಸಿಮೆಂಟಿನ ಜಗುಲಿಯಲ್ಲಿ ಕೂತು ನನ್ನನ್ನು ವಿಚಾರಣೆಗೆ ತೆಗೆದುಕೊಂಡರು. ಸದ್ದಿಲ್ಲದ ಮನೆ ಯಾಕೆ? ಪರೀಕ್ಷೆಗೆ ಓದುವವರಿದ್ದಾರಾ? ಇಲ್ಲ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ? ಇಲ್ಲ. ಯಜಮಾನರು? ಇಲ್ಲ. ಮಕ್ಕಳು? ಇಲ್ಲ. "ಮತ್ತೆ ಒಬ್ರೇ ಸದ್ದಿಲ್ದಂಗೆ ಏನ್ ಮಾಡ್ತೀರಿ?" ಎಂದರು. ಅವರ ಕಣ್ಣಿನಲ್ಲಿ ನಾನು ಆಗಲೇ ನೋಟು ಅಚ್ಚು ಹಾಕುತ್ತಿದ್ದೆ. ಕೊನೆಗೆ, "ನಮ್ಮೋರಾ ನೀವು?" ಎಂದು ಬಹಳ ನಯವಾಗಿ ಕೇಳಿದರು. ಜಾತಿ ಕೇಳುವಾಗ ನಮ್ಮ ಜನರಿಗೆ ಬರುವ ಆ ನಯ ಬೇರೆ ಯಾವ ಹೊತ್ತಿನಲ್ಲೂ ಬರುವುದಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಎದ್ದು ಬಂದೆ.

ನಾಲ್ಕನೆಯ ದಿನ ಸಿಕ್ಕಿತು. ಹಳೇ ಬೀದಿ, ಹೆಂಚಿನ ಮನೆ, ಮುಂಭಾಗದಲ್ಲಿ ಮನೆಯೊಡತಿ, ಹಿಂಭಾಗ ಬಾಡಿಗೆಗೆ. ಅರವತ್ತೈದು ದಾಟಿದ ಹೆಂಗಸು, ಸೊಂಟದಲ್ಲಿ ಹಿಡಿ ತುಂಬ ಬೀಗದ ಕೈ. ನೊಣವಿನಕೆರೆ ಕಡೆ ತೆಂಗಿನ ತೋಟ ಇತ್ತು, ಗಂಡ ತೀರಿಕೊಂಡ ಮೇಲೆ ತಾವೇ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಎಂಟರ ಬಸ್ಸಿಗೆ ತೋಟಕ್ಕೆ ಹೋದರೆ ವಾಪಸ್ಸು ಐದು ಗಂಟೆಗೆ. ನನ್ನ ಕೆಲಸದ ಹೊತ್ತಿಗೆ ಸರಿಯಾಗಿ ಮನೆಯಲ್ಲಿ ನರಪಿಳ್ಳೆ ಇರುವುದಿಲ್ಲ.

"ಮೇಲ್ಗಡೆ ಅಟ್ಟ ಮಾತ್ರ ನಮ್ದು ಕಣವ್ವ" ಎಂದರು. ತಲೆ ಎತ್ತಿ ನೋಡಿದೆ. ಸಂದು ಬಿಟ್ಟು ಜೋಡಿಸಿದ ಹಲಗೆಗಳು, ಸಂದುಗಳಲ್ಲಿ ಕಂದು ಬಣ್ಣದ ತೆಂಗಿನಕಾಯಿಗಳ ಹೊಟ್ಟೆ. ತೋಟದ ಮನೆಯಲ್ಲಿಟ್ಟರೆ ಕಳ್ಳರ ಕಾಟವೆಂದು ಒಂದು ಭಾಗವನ್ನು ಇಲ್ಲಿ ತಂದು ಹಾಕಿದ್ದರು. ಒಂದು ವರ್ಷದ ಹತ್ತಿರ ಅಟ್ಟದಲ್ಲಿ ಸುಮ್ಮನೆ ಬಿದ್ದಿದ್ದು ಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತದೆ.

"ಮೇಲೆ ಸದ್ದು ಗಿದ್ದು?" ಎಂದು ಕೇಳಿದೆ.

"ಕೊಬ್ರಿ ಏನವ್ವ ಸದ್ದ್ ಮಾಡ್ತದೆ? ನಿನ್ನಂಗೆ ಫೋನ್ ಹಿಡ್ಕಂಡ್ ಕೂತದಾ?"

ಅಲ್ಲೇ ಒಪ್ಪಿಕೊಂಡೆ. ನನ್ನ ಪಟ್ಟಿಯಲ್ಲಿ ಸದ್ದಿಗೆ ಹತ್ತಕ್ಕೆ ಹತ್ತು. ಅವತ್ತು ಸಂಜೆ ಬಾಗಿಲು ಹಾಕಿ ಒಳಗಿನಿಂದ ಚಿಲಕ ಸರಿಸಿದೆ. ತೆಗೆದೆ. ಮತ್ತೆ ಸರಿಸಿದೆ. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ಹೇಳಬಹುದು, ಒಂದು ಹತ್ತು ಸಲ ಸರಿಸಿರಬೇಕು. ನನಗೆ ಅಳು ಬಂದದ್ದು ಸಂತೋಷಕ್ಕೆ.

ಮೂರು ತಿಂಗಳು ಸ್ವರ್ಗ. ಎಂಟು ಗಂಟೆಯವರೆಗೆ ಮನೆಯೊಡತಿ ತೋಟದ ಆಳಿಗೆ ಫೋನ್ ಮಾಡುತ್ತಿದ್ದರು. ಅದಕ್ಕೆ ಫೋನು ಬೇಕಾಗಿಯೇ ಇರಲಿಲ್ಲ, ಆ ಗಂಟಲು ನೇರವಾಗಿ ನೊಣವಿನಕೆರೆಗೆ ಮುಟ್ಟುತ್ತಿತ್ತು. "ಏನ್ಲಾ, ಮೋಟ್ರು ಆನ್ ಮಾಡಿದ್ಯೇನ್ಲಾ? ಕರೆಂಟ್ ಹೋಯ್ತಾ? ಹೋಗ್ಲಿ ಬುಡು, ಬತ್ತೀನಿ ತಡಿ!" ಎಂಟಕ್ಕೆ ಬೀಗದ ಕೈ ಝಣಝಣ ಎನ್ನಿಸುತ್ತ ಹೊರಟರೆ ಸಂಜೆಯವರೆಗೆ ಇರುವೆ ನಡೆದರೂ ಕೇಳಿಸುವಷ್ಟು ನಿಶ್ಶಬ್ದ.

ಆದರೆ ಭಾನುವಾರ ಉಂಟಲ್ಲ. ನಾನು ಆಗಾಗ ಭಾನುವಾರವೂ ಕರೆ ತೆಗೆದುಕೊಳ್ಳುತ್ತಿದ್ದೆ. ಅವರು ಪಕ್ಕದ ಕೋಣೆಯಲ್ಲಿ ಸದ್ದಿಲ್ಲದೆ ಸೊಪ್ಪು ಬಿಡಿಸುತ್ತ ಇರುತ್ತಿದ್ದರು. ನಾನು ಎಷ್ಟು ದಿನದಿಂದ ನೋವು, ಯಾವ ಕಡೆ, ಊಟ ಸೇರುತ್ತದಾ ಎಂದು ಕೇಳುವುದು ಗೋಡೆ ದಾಟಿ ಅವರಿಗೆ ಮುಟ್ಟುತ್ತಿತ್ತೆಂಬುದು ನನಗೆ ತಿಳಿಯಲೇ ಇಲ್ಲ. ತಿಳಿದದ್ದು, ಬೀದಿಯ ಮೂವರು ಹೆಂಗಸರು ಮಂಡಿನೋವು ಹೊತ್ತುಕೊಂಡು ಬಾಗಿಲಿಗೆ ಬಂದಾಗ. "ನಾನು ಡಾಕ್ಟರಲ್ಲ ಕಣ್ರೀ, ಅವರ ಮಾತು ಇವರಿಗೆ ದಾಟಿಸೋಳು ಅಷ್ಟೇ" ಎಂದೆ. ಮನೆಯೊಡತಿಗೆ ನಿರಾಸೆಯಾಯಿತು. "ಹಂಗಾರೆ ಮಾತು ಹೊರೋ ಕೂಲಿ ಅನ್ನು" ಎಂದರು. ನನ್ನ ಆಫರ್ ಲೆಟರಿನಲ್ಲಿ ಬರೆದಿದ್ದ ಹುದ್ದೆಯ ಹೆಸರಿಗಿಂತ ಅದೇ ವಾಸಿ ಇತ್ತು.

ಆವತ್ತೇ ಅವರನ್ನು ಕೂರಿಸಿಕೊಂಡು ನನ್ನ ಕಷ್ಟ ಹೇಳಿದೆ. ಇನ್ನೊಂದು ಸಲ ಸದ್ದು ಕೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆ ಬಿಡಬೇಕು, ಬಿಟ್ಟರೆ ಅಣ್ಣನ ದಿವಾನ್. ನನಗೆ ಕೇಳಿಸಿದ ಮಾತು ಬೇರೆಯವರು ಕೇಳಬಾರದು. ಅವರು ಗಂಭೀರವಾಗಿ ತಲೆಯಾಡಿಸಿ, ಕೈಯಿಂದ ಬಾಯಿಗೆ ಬೀಗ ಹಾಕಿ ತೋರಿಸಿದರು. ಆಮೇಲೆ ಸೌಹಾರ್ದಕ್ಕೆಂದು ಅಟ್ಟದಿಂದ ಒಂದು ಕಾಯಿ ಇಳಿಸಿ ತಂದು ನನ್ನ ಮುಂದೆಯೇ ಸುಲಿದು, ಚಿಪ್ಪು ಒಡೆದರು. ಒಳಗಿನಿಂದ ಒಂದು ಚೂರೂ ಮುರಿಯದ ದುಂಡನೆಯ ಕೊಬ್ಬರಿ ಉಂಡೆ ಬಂತು. "ಇದ್ಕೆ ಗಿಟುಕು ಅಂತೀವಿ" ಎಂದು ನನ್ನ ಅಂಗೈಯಲ್ಲಿಟ್ಟರು. ಮುಷ್ಟಿಯಷ್ಟು ಗಾತ್ರ, ಕಲ್ಲಿನಷ್ಟು ಗಟ್ಟಿ. ಊರಿನ ಪದವೊಂದು ಕಲಿತೆನೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಂದಿನಿಂದ ನಾನೂ ಅರ್ಧ ತಿಪಟೂರಿನವಳು ಎಂಬ ಜಂಬ.

ಮುಂದಿನ ತಿಂಗಳು ಕೊಬ್ಬರಿಗೆ ಧಾರಣೆ ಏರುತ್ತಿದೆ ಎಂಬ ಸುದ್ದಿ ಬಂತು. ಮಾರುವ ಮುಂಚೆ ಕಾಯಿ ಪೂರ್ತಿ ಒಣಗಿದೆಯೋ ಇಲ್ಲವೋ ನೋಡಬೇಕು. ಒಂದು ಬುಧವಾರ ಮನೆಯೊಡತಿ ತೋಟಕ್ಕೆ ಹೋಗಲಿಲ್ಲ. "ಅಟ್ಟದ್ ಮ್ಯಾಲೆ ಕೂತ್ಕಂಡು ಕಾಯಿ ನೋಡ್ತೀನಿ, ಉಸ್ರೆತ್ತಲ್ಲ" ಎಂದು ಮಾತು ಕೊಟ್ಟು ಏಣಿ ಹತ್ತಿದರು. ಕೊಟ್ಟ ಮಾತು ಉಳಿಸಿಕೊಂಡರು ಕೂಡ. ಬೆಳಗಿನಿಂದ ನನ್ನ ತಲೆಯ ಮೇಲೆ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಇತ್ತ ಒಂದು ಅತ್ತ ಒಂದು ಇಡುತ್ತಿದ್ದರು. ಹೆಡ್‌ಫೋನ್ ಹಾಕಿಕೊಂಡ ನನಗೆ ಏನೂ ಕೇಳಿಸುತ್ತಿರಲಿಲ್ಲ.

ಹನ್ನೊಂದರ ಸುಮಾರಿಗೆ ಒಂದು ಕರೆ ಬಂತು. ವಯಸ್ಸಾದ ಗಂಡಸು, ಮಾತು ಕೇಳಿದ ಕೂಡಲೇ ಈ ಕಡೆಯವರೇ ಎಂದು ಗೊತ್ತಾಯಿತು. ಡಾಕ್ಟರು ಎಲ್ಲೋ ದೂರದ ಊರಿನವರು, ಒಳ್ಳೆಯ ಹೆಂಗಸು, ಅವಸರದಲ್ಲಿದ್ದರು. ಏನು ತೊಂದರೆ ಎಂದು ನನ್ನಿಂದ ಕೇಳಿಸಿದರು.

"ಎದೇಲಿ ಗಿಟುಕು ಅಲ್ಲಾಡ್ದಂಗಾಯ್ತದೆ ಕಣವ್ವ. ಮೂರ್ ದಿನ ಆಯ್ತು" ಎಂದರು ಅವರು.

ಗಿಟುಕು! ನನ್ನ ನೋಟ್‌ಬುಕ್ಕಿನ ಪದ! ಬೆಂಗಳೂರಿನಲ್ಲಿ ಕೂತು ಇದೇ ಕೆಲಸ ಮಾಡುವ ಬೇರೆ ಯಾರಿಗೆ ಇದು ತಿಳಿದೀತು ಎಂದು ಒಳಗೇ ಬೆನ್ನು ತಟ್ಟಿಕೊಂಡೆ. ಡಾಕ್ಟರಿಗೆ ಖಡಕ್ಕಾಗಿ ಹೇಳಿದೆ: ಎದೆಯಲ್ಲಿ ಗಟ್ಟಿಯಾದ ದುಂಡನೆಯ ಗಂಟು ಇದೆ, ಮುಟ್ಟಿದರೆ ಅಲ್ಲಾಡುತ್ತದೆ, ಮೂರು ದಿನವಾಯಿತು. ಅವರು ಮುಟ್ಟಿದರೆ ಎಂದಿರಲೇ ಇಲ್ಲ. ಅದು ನಾನು ಕೈಯಿಂದ ಹಾಕಿದ್ದು, ಅರ್ಥ ಚೆನ್ನಾಗಿ ಕೂರಲಿ ಎಂದು.

ಗಂಟು ಎಷ್ಟು ದೊಡ್ಡದು ಎಂದು ಡಾಕ್ಟರು ಕೇಳಿದರು. ನಾನು ಕನ್ನಡದಲ್ಲಿ, "ಎದೆಯಲ್ಲಿರೋ ಗಿಟುಕು ಎಷ್ಟು ದಪ್ಪ ಇದೆ?" ಎಂದೆ.

"ಗಿಟುಕು ಎಷ್ಟ್ ದಪ್ಪ ಇರ್ತದೋ ಅಷ್ಟೇ ಇರ್ತದಲ್ಲವ್ವ" ಎಂದರು ಆ ಹಿರಿಯರು, ಈ ಹೆಂಗಸಿಗೆ ತಲೆ ಸರಿ ಇದೆಯೇ ಎಂಬ ಧಾಟಿಯಲ್ಲಿ. ಮುಷ್ಟಿಯಷ್ಟು ಎಂದು ದಾಟಿಸಿದೆ. ಮೂರೇ ದಿನಕ್ಕೆ ಅಷ್ಟು ಬೆಳೆಯುವುದಿಲ್ಲ, ಮುಂಚಿನಿಂದಲೇ ಇದ್ದಿರಬೇಕು, ಬರುವ ವಾರ ಸರ್ಜನ್ ಹತ್ತಿರ ತೋರಿಸಲಿ, ಗಾಬರಿಯೇನಿಲ್ಲ ಎಂದು ಡಾಕ್ಟರು ಶುರುಮಾಡಿದರು. ಅವರ ಇನ್ನೊಂದು ಪ್ರಶ್ನೆ ದಾಟಿಸಬೇಕಿತ್ತು, ದಾಟಿಸಿದೆ: "ಆ ಗಿಟುಕು ಮುಟ್ಟಿದರೆ ನೋಯುತ್ತದಾ ಯಜಮಾನ್ರೇ?"

ಆಗ ನನ್ನ ತಲೆಯ ಮೇಲಿಂದ ಬಂತು ಗಂಟಲು. ಹೆಡ್‌ಫೋನ್ ಸೀಳಿಕೊಂಡು ಬಂತು.

"ಅಯ್ಯೋ ನಿನ್ನ! ಗಂಟಲ್ಲ ಕಣವ್ವಾ ಅದು! ಎದೆ ಲೊಡಲೊಡ ಹೊಡ್ಕಂತಾ ಐತೆ ಅಂತಾವ್ನೆ ಆವಯ್ಯ! ನಮ್ಮೆಜಮಾನ್ರೂ ಹಿಂಗೇ ಅಂದಿದ್ದು! ಬಿರ್ನೆ ಆಸ್ಪತ್ರೆಗೆ ಸೇರ್ಸು ಅನ್ನು!"

ತಲೆ ಎತ್ತಿದೆ. ಹಲಗೆಯ ಸಂದಿನಲ್ಲಿ ಅವರ ಒಂದು ಕಣ್ಣು ಕಾಣುತ್ತಿತ್ತು. ಕೈಯಲ್ಲಿದ್ದ ಕಾಯಿಯನ್ನು ಸಂದಿಗೆ ಹಿಡಿದು ಜೋರಾಗಿ ಅಲ್ಲಾಡಿಸಿದರು. ಪೂರ್ತಿ ಒಣಗಿದ ಕಾಯಿಯೊಳಗೆ ಗಿಟುಕು ಚಿಪ್ಪು ಬಿಟ್ಟು ಸಡಿಲವಾಗಿರುತ್ತದೆ. ಲೊಡ್ ಲೊಡ್ ಲೊಡ್, ಆಮೇಲೆ ಸುಮ್ಮನೆ, ಮತ್ತೆ ಲೊಡ್. ಮನುಷ್ಯನ ಎದೆ ತಾಳ ತಪ್ಪಿ ಹೊಡೆದುಕೊಳ್ಳುವುದನ್ನು ಆ ಹಿರಿಯರು ಅದಕ್ಕಿಂತ ಸರಿಯಾಗಿ ಹೇಳಲು ಸಾಧ್ಯವಿರಲಿಲ್ಲ. ನಾನು ಗಿಟುಕು ಎಂಬ ಹೆಸರು ಕಲಿತಿದ್ದೆ, ಅಲ್ಲಾಡುವುದು ಏನೆಂದು ಕಲಿತಿರಲಿಲ್ಲ.

ಡಾಕ್ಟರು ಯಾರದು ಎಂದು ಕೇಳಿದರು. ಲೈನಿನಲ್ಲಿ ಏನೋ ಗೊಂದಲ ಎಂದು ತೇಲಿಸಬಹುದಿತ್ತು. ಅಷ್ಟು ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿಯೇ ಇತ್ತು. ಕಂಪನಿಯವರು ಕರೆಗಳ ರೆಕಾರ್ಡಿಂಗನ್ನು ಎಲ್ಲ ಸಲವೂ ಕೇಳುವುದಿಲ್ಲ, ಕೇಳದೇ ಹೋದರೆ ನನ್ನ ಬಾಗಿಲು ಉಳಿಯುತ್ತದೆ ಎಂಬ ಯೋಚನೆ ಬಂತು. ಬಂತು ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. "ತಪ್ಪು ನನ್ನದು ಡಾಕ್ಟರೇ" ಎಂದೆ. ಅದು ಗಂಟಲ್ಲ, ಎದೆ ತಪ್ಪಿ ತಪ್ಪಿ ಹೊಡೆದುಕೊಳ್ಳುತ್ತಿದೆ ಎನ್ನುತ್ತಿದ್ದಾರೆ, ನನಗೆ ಈ ಊರಿನ ಮಾತು ಅರ್ಥವಾಗಿರಲಿಲ್ಲ, ಈ ಮನೆಯವರು ತಿದ್ದಿದರು ಎಂದೆ. ಡಾಕ್ಟರ ಸ್ವರವೇ ಬದಲಾಯಿತು. ಬೆವರುತ್ತದಾ, ಎಡಗೈ ಸೆಳೆಯುತ್ತದಾ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆಯಾ? ಎಲ್ಲಕ್ಕೂ ಆ ಹಿರಿಯರು, "ಊಂ ಕಣವ್ವ, ಊಂ" ಎಂದರು. ಈಗಿಂದೀಗಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ನಡೆಸಬೇಡಿ ಎಂದರು ಡಾಕ್ಟರು. ಆ ಕಡೆ ಯಾರೋ ಗಾಡಿ ತರಲು ಓಡುವುದು ಕೇಳಿಸಿತು. ಕರೆ ಮುಗಿಯಿತು.

ಸಂಜೆ ಮನೆಯೊಡತಿ ನನ್ನ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತರು. ಅವರ ಯಜಮಾನರು ಮೂರು ದಿನ ಅದೇ ಮಾತು ಹೇಳಿದ್ದರಂತೆ, ಎದೆಯಲ್ಲಿ ಗಿಟುಕು ಅಲ್ಲಾಡುತ್ತದೆಯೆಂದು. "ಗ್ಯಾಸ್ ಆಗೈತೆ ಅಂತ ಸೋಡಾ ಕುಡಿಸ್ದೆ ಕಣವ್ವ. ನಾಕನೇ ದಿನ ಹೋಗ್ಬುಟ್ರು. ಇವತ್ತು ನೀನು ಹಂಗ್ ಕೇಳೋದ್ ಕೇಳಿ ಬಾಯಿ ತಡೀಲಿಲ್ಲ" ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ನನ್ನಿಂದ ನಿಂಗೇನೂ ತೊಂದ್ರೆ ಆಗಲ್ವಲ್ಲ?" ಎಂದು ಕೇಳಿದರು.

"ಏನೂ ಆಗಲ್ಲಮ್ಮ" ಎಂದೆ.

ಐದನೆಯ ದಿನ ಕಂಪನಿಯಿಂದ ಪತ್ರ ಬಂತು. ಬಹಳ ಸಂಸ್ಕಾರವಂತ ಪತ್ರ. ನನ್ನ ಪ್ರಾಮಾಣಿಕತೆಯನ್ನು ಅವರು ಹೃತ್ಪೂರ್ವಕವಾಗಿ ಮೆಚ್ಚಿದ್ದರು. ಸಕಾಲಕ್ಕೆ ತಿದ್ದುಪಡಿ ಮಾಡಿದ್ದು ಶ್ಲಾಘನೀಯ ಎಂದಿದ್ದರು. ಮುಂದಿನ ಪ್ಯಾರಾದಲ್ಲಿ, ಕರೆಯಲ್ಲಿ ಹೊರಗಿನವರ ಧ್ವನಿ ಕೇಳಿಬಂದದ್ದರಿಂದ ಮತ್ತು ಇದು ಮೂರನೆಯ ಸಲವಾದ್ದರಿಂದ ಒಪ್ಪಂದ ಮುಗಿಯಿತು ಎಂದಿದ್ದರು. ಕೊನೆಗೆ ನನ್ನ ಮುಂದಿನ ಪಯಣಕ್ಕೆ ಶುಭ ಹಾರೈಸಿದ್ದರು. ನನ್ನ ಮುಂದಿನ ಪಯಣ ಅಣ್ಣನ ದಿವಾನಿಗೆ ಎಂದು ಪಾಪ ಅವರಿಗೇನು ಗೊತ್ತು. ಪತ್ರ ಮುಚ್ಚಿ ಒಂದು ಗಂಟೆ ಅತ್ತೆ. ಕಂಪನಿಯನ್ನೂ ಬೈದೆ, ಗಿಟುಕನ್ನೂ ಬೈದೆ, ಆ ಗಂಟಲನ್ನು ಮಾತ್ರ ಬೈಯಲು ಆಗಲಿಲ್ಲ.

ಅವರಿಗೆ ಹೇಳಿಲ್ಲ. ಹೇಗೆ ಹೇಳಲಿ? ಗಂಡನ ವಿಷಯದಲ್ಲಿ ಸುಮ್ಮನಿದ್ದದ್ದಕ್ಕೆ ಇಷ್ಟು ವರ್ಷ ಕೊರಗಿದವರಿಗೆ, ಈಗ ಬಾಯಿ ಬಿಟ್ಟದ್ದಕ್ಕೂ ಕೊರಗಿ ಎಂದು ಹೇಳಲೇ? ಹಾಗಾಗಿ ದಿನವೂ ಒಂಬತ್ತಕ್ಕೆ ಹೆಡ್‌ಫೋನ್ ಹಾಕಿಕೊಂಡು ಮೇಜಿನ ಮುಂದೆ ಕೂರುತ್ತೇನೆ. ಬೇರೆ ಕೆಲಸಕ್ಕೆ ಅರ್ಜಿ ಹಾಕುತ್ತೇನೆ, ಉಳಿದ ಹೊತ್ತು ಇದನ್ನು ಬರೆಯುತ್ತೇನೆ. ಅಣ್ಣ ಫೋನ್ ಮಾಡಿ, ದಿವಾನಿಗೆ ಹೊಸ ಹಾಸಿಗೆ ಹೊಲಿಸಿದ್ದೇವೆ ಎಂದ. ಇನ್ನೂ ಎರಡು ವಾರ ಇಲ್ಲಿ ತಳ್ಳಬಹುದು.

ಈ ನಡುವೆ ಮನೆಯೊಡತಿ ಪೂರ್ತಿ ಬದಲಾಗಿದ್ದಾರೆ. ನನ್ನ ಕೆಲಸ ತಮ್ಮಿಂದ ಹೋಗಬಾರದೆಂದು ಪಣ ತೊಟ್ಟಿದ್ದಾರೆ. ತೋಟದ ಆಳಿನ ಜೊತೆ ಬೀದಿಯ ಕೊನೆಗೆ ಹೋಗಿ ಫೋನಿನಲ್ಲಿ ಮಾತಾಡುತ್ತಾರೆ. ಮಿಕ್ಸಿ ನಿಲ್ಲಿಸಿ ಒರಳಿನಲ್ಲಿ ಚಟ್ನಿ ರುಬ್ಬುತ್ತಾರೆ, ಅದೂ ಬೆಳಿಗ್ಗೆ ಎಂಟರೊಳಗೆ. ಕೊಬ್ಬರಿಗೆ ಒಳ್ಳೆಯ ಧಾರಣೆ ಇದ್ದರೂ ಅಟ್ಟದಿಂದ ಕಾಯಿ ಇಳಿಸಿಲ್ಲ, ಸುಲಿಯುವವರು ಬಂದರೆ ನನಗೆ ಸದ್ದಾಗುತ್ತದೆ ಎಂದು. ಬೀದಿಯ ಹೆಂಗಸರಿಗೂ ಕಟ್ಟಪ್ಪಣೆಯಾಗಿದೆ. ನಾನು ಇಡೀ ಊರು ಸುತ್ತಿ ಹುಡುಕಿದ್ದ ಸದ್ದಿಲ್ಲದ ಮನೆ ಈಗ ನಿಜವಾಗಿ ಸಿಕ್ಕಿದೆ.

ಇವತ್ತು ಭಾನುವಾರ, ಮನೆಯೊಡತಿ ತೋಟಕ್ಕೆ ಹೋಗಿರಲಿಲ್ಲ. ಬೆಳಿಗ್ಗೆ ಸೊಪ್ಪಿನವಳು ಬೀದಿಯಲ್ಲಿ ಕೂಗಿದಳು. ಮನೆಯೊಡತಿ ಓಡಿಹೋಗಿ ಅವಳನ್ನು ಆಚೆ ಕಳಿಸಿ, ನನ್ನ ಕಿಟಕಿಯ ಹತ್ತಿರ ಬಂದರು. ಸರಳಿಗೆ ಬಾಯಿ ಹಚ್ಚಿ, ನಾನು ಎಂದೂ ಕೇಳದ ಪಿಸುದನಿಯಲ್ಲಿ, "ಆವಯ್ಯ ಹೆಂಗವ್ನೆ? ಏನಾರ ಗೊತ್ತಾಯ್ತಾ?" ಎಂದರು. ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಚೆನ್ನಾಗಿದ್ದಾರೆ ಎಂದು ತಲೆಯಾಡಿಸಿದೆ. ಅವರ ಮುಖ ಅರಳಿತು. ಇನ್ನೇನೋ ಕೇಳಲು ಬಾಯಿ ತೆರೆದವರು, ನನ್ನ ಹೆಡ್‌ಫೋನ್ ನೋಡಿ ತಮ್ಮ ಬಾಯಿಯ ಮೇಲೆ ತಾವೇ ಕೈ ಇಟ್ಟುಕೊಂಡರು. ಸೊಂಟದ ಬೀಗದ ಕೈಗಳು ಸದ್ದು ಮಾಡದಂತೆ ಮುಷ್ಟಿಯಲ್ಲಿ ಹಿಡಿದು, ತುದಿಗಾಲಲ್ಲಿ ಹಿಂದೆ ಹಿಂದೆ ನಡೆದರು. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಯಾರೂ ಇಲ್ಲದ ಮೈಕಿನ ಹತ್ತಿರ ಬಗ್ಗಿ, "ಹೇಳಿ ಯಜಮಾನ್ರೇ, ನಿಧಾನವಾಗಿ ಹೇಳಿ, ಕೇಳಿಸ್ತಾ ಇದೆ" ಎಂದೆ.